ಕವರ್ ಒಗೀಬ್ಯಾಡ್ರಿ: ಧಾರವಾಡಕ್ಕೆ ಬಂದ ಪರದೇಶದ ಟಪಾಲಿನ ಕಥೆ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

1993ನೇ ಇಸವಿ. ನಾನು ನಾಲ್ಕನೇ ಕ್ಲಾಸು. ಧಾರವಾಡದ ಸಪ್ತಾಪುರದಲ್ಲಿ ನಮ್ಮನೆ. ಒಂದು ಮಧ್ಯಾಹ್ನ ಟಪಾಲಿನವ ಬಂದು ಬಾಗಿಲ ಕೆಳಗಿಂದ ಒಂದು ಕವರ್ ತಳ್ಳಿ ಹೋದ. ಪರದೇಶದ ಕವರ್. ಅಪ್ಪ ಸಂಜೆ ಬಂದವನೇ ಚಪ್ಪಲಿ ಕಳಚೋದನ್ನೂ ಮರೆತು ಅದನ್ನ ಒಡೆದ, ಕಾಗದ ಓದಿದ, ಇನ್ನೊಂದು ಸಲ ಓದಿದ, ನಗ್ತಾ ಮಡಚಿ ಅಂಗಿ ಕಿಸೆಯಲ್ಲಿಟ್ಕೊಂಡ. ಖಾಲಿ ಕವರ್ ಟೇಬಲ್ ಮೇಲೆ ಉಳೀತು.

ನನಗೆ ಬೇಕಾಗಿದ್ದದ್ದು ಅದೇ. ಕವರಿನ ಬಲಗಡೆ ಮೂಲೆಯಲ್ಲಿ ಒಂದು ಸ್ಟ್ಯಾಂಪ್. ಕತ್ತರಿ ತಗೊಂಡು ಆ ಮೂಲೆಯನ್ನಷ್ಟೇ ಚೌಕಾಗಿ ಕತ್ತರಿಸಿದೆ. ಮಿಕ್ಕಿದ್ದನ್ನ ಬಚ್ಚಲ ಒಲಿಗೆ ಹಾಕಿದೆ.

ಮರುದಿನ ಸಂಜೆ ಅಪ್ಪ ಪೆನ್ನು, ಏರೋಗ್ರಾಂ ಎರಡೂ ಹಿಡ್ಕೊಂಡು ಕೂತ. ಸುತ್ತಮುತ್ತ ಹುಡುಕಿದ. "ಅವ್ವಾ, ನಿನ್ನೆ ಬಂದ ಕವರ್ ಎಲ್ಲೈತಿ?"

ನಾನು ಹೆಮ್ಮೆಯಿಂದ ಸ್ಟ್ಯಾಂಪ್ ತೋರಿಸಿದೆ. ಅಪ್ಪ ಅದನ್ನೇ ನೋಡ್ತಾ ಸುಮ್ಮನೆ ಕೂತ್ಬಿಟ್ಟ. ಬಯ್ಯಲಿಲ್ಲ. ಬೈದಿದ್ರೆ ನಾನು ಇದನ್ನ ಇಷ್ಟು ವರ್ಷ ನೆನಪಿಟ್ಕೊಳ್ತಿರಲಿಲ್ಲ ಅನಿಸುತ್ತೆ.

ಆ ಕವರಿನಲ್ಲಿ ಏನಿತ್ತು ಅನ್ನೋದಕ್ಕೆ ಕೊನೆಗೆ ಬರ್ತೀನಿ. ಅದಕ್ಕೂ ಮೊದಲು, ಅಂಥ ಒಂದು ಕವರ್ ನಮ್ಮೂರಿಗೆ ಬರೋದು ಅಂದ್ರೆ ಎಷ್ಟು ದೊಡ್ಡ ಸಂಗತಿ, ಅದರ ಹಿಂದೆ ಎಷ್ಟು ದೊಡ್ಡ ವ್ಯವಸ್ಥೆ ಇತ್ತು ಅನ್ನೋದು ಗೊತ್ತಾಗಬೇಕು.

ಕಾಲಾಣೆಯ ಕಾರ್ಡು

ಮೊದಲು ಒಂದು ಪದ. ಮೈಸೂರು ಸೀಮೆಯವರು 'ಅಂಚೆ' ಅಂತಾರೆ. ನಮ್ಮಜ್ಜಿ ಎಂದೂ ಆ ಪದ ಬಳಸಲಿಲ್ಲ. ಅವಳ ಬಾಯಲ್ಲಿ ಅದು 'ಟಪಾಲು'. ಇದು ಮರಾಠಿಯ ನಂಟು. 1956ರ ತನಕ ಹುಬ್ಬಳ್ಳಿ-ಧಾರವಾಡ ಇದ್ದದ್ದು ಮುಂಬೈ ಆಡಳಿತದಲ್ಲಿ. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಅಂಚೆಯ ಜತೆ ಸೇರಿಹೋಯ್ತು. ನಮ್ಮ ಕಾಗದಗಳು ಮಾತ್ರ ಮೊದಲಿಂದಲೂ ಮುಂಬೈ ದಾರಿ ಹಿಡಿದಂಥವು.

ಜಗತ್ತಿನ ಮೊದಲ ಅಂಟಿಸೋ ಸ್ಟ್ಯಾಂಪ್ 'ಪೆನ್ನಿ ಬ್ಲ್ಯಾಕ್'. ಬ್ರಿಟನ್ನಿನಲ್ಲಿ 1840ರ ಮೇ 6ರಿಂದ ಬಳಕೆಗೆ ಬಂತು. ಮೊದಲು ಬಂದವರು ಅನ್ನೋ ಕಾರಣಕ್ಕೆ ಇವತ್ತಿಗೂ ಬ್ರಿಟನ್ ತನ್ನ ಸ್ಟ್ಯಾಂಪಿನ ಮೇಲೆ ದೇಶದ ಹೆಸರು ಹಾಕೋದಿಲ್ಲ. ರಾಜನದೋ ರಾಣಿಯದೋ ತಲೆಯ ಚಿತ್ರ ಇದ್ರೆ ಮುಗೀತು. ನಮ್ಮಲ್ಲಿ 1852ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಮೊದಲ ಸ್ಟ್ಯಾಂಪ್ ಬಂತು. 1854ರ ಅಕ್ಟೋಬರಿನಿಂದ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ದರ. ಹಗುರ ಕಾಗದಕ್ಕೆ ಅರ್ಧ ಆಣೆ. ಧಾರವಾಡದಿಂದ ಬೆಳಗಾವಿಗೆ ಹೋದರೂ ಅಷ್ಟೇ, ಕಲ್ಕತ್ತಾಕ್ಕೆ ಹೋದರೂ ಅಷ್ಟೇ. ಅಲ್ಲೀತನಕ ದೂರ ಹೆಚ್ಚಾದಷ್ಟೂ ದುಡ್ಡು ಹೆಚ್ಚು ಕೊಡಬೇಕಿತ್ತು.

ಪೋಸ್ಟ್‌ಕಾರ್ಡ್ ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್ 1ಕ್ಕೆ. ಹತ್ತೇ ವರ್ಷದಲ್ಲಿ, 1879ರ ಜುಲೈನಲ್ಲಿ ಅದು ಭಾರತಕ್ಕೂ ಬಂತು. ಬೆಲೆ ಕಾಲಾಣೆ. ಒಂದು ರೂಪಾಯಿಗೆ 64 ಕಾರ್ಡು! ಮೇಲೆ 'ಈಸ್ಟ್ ಇಂಡಿಯಾ ಪೋಸ್ಟ್ ಕಾರ್ಡ್' ಅಂತ ಅಚ್ಚಾಗಿರ್ತಿತ್ತು. ಒಂದು ಬದಿಗೆ ವಿಳಾಸ ಮಾತ್ರ, ಇನ್ನೊಂದು ಬದಿಗೆ ಒಕ್ಕಣೆ. ಜೊತೆಗೆ ಪರದೇಶಕ್ಕೆ ಅಂತಲೇ ಬೇರೆ ಕಾರ್ಡ್ ಬಂತು, ಬೆಲೆ ಒಂದೂವರೆ ಆಣೆ. ಊರ ಕಾರ್ಡಿನ ಆರು ಪಟ್ಟು.

ಕಾರ್ಡಿನಲ್ಲಿ ಮುಚ್ಚುಮರೆ ಇರಲಿಲ್ಲ. ಟಪಾಲಿನವನೇ ಓದಿ ಹೇಳೋನು. ಮೂಲೆಗೆ ಅರಿಷಿಣ ಹಚ್ಚಿದ್ರೆ ಶುಭ ಸುದ್ದಿ. ಸಾವಿನ ಕಾಗದ ಆದ್ರೆ ಓದಿ ಹರಿದು ಒಗೀತಿದ್ರು, ಮನೆಯೊಳಗೆ ಇಟ್ಕೊಳ್ತಿರಲಿಲ್ಲ. ಅಂದ್ರೆ ಅಕ್ಷರ ಓದೋಕೆ ಬಾರದವರೂ ಕಾರ್ಡನ್ನ ಓದ್ತಿದ್ರು.

22 ದೇಶಗಳ ಒಂದು ಒಪ್ಪಂದ

ಈಗ ಒಂದು ಪ್ರಶ್ನೆ. ನೀವು ಧಾರವಾಡದಲ್ಲಿ ಭಾರತದ ಸ್ಟ್ಯಾಂಪ್ ಹಚ್ಚಿ ಜಪಾನಿಗೆ ಕಾರ್ಡ್ ಹಾಕ್ತೀರಿ. ದುಡ್ಡು ಭಾರತಕ್ಕೆ ಹೋಯ್ತು. ಹಾಗಾದ್ರೆ ಜಪಾನಿನ ಟಪಾಲಿನವ ಯಾಕೆ ಅದನ್ನ ಮನೆಮನೆಗೆ ಹೊತ್ತು ಮುಟ್ಟಿಸಬೇಕು?

ಒಂದು ಕಾಲಕ್ಕೆ ಇದು ದೊಡ್ಡ ತಲೆನೋವಾಗಿತ್ತು. ಎರಡೆರಡು ದೇಶಗಳು ಕೂತು ಬೇರೆ ಬೇರೆ ಒಪ್ಪಂದ ಮಾಡ್ಕೊಳ್ತಿದ್ವು. ಕಾಗದ ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋದರ ಮೇಲೆ ದರ ಬದಲಾಗ್ತಿತ್ತು. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಒಂದು ಸರಳ ತೀರ್ಮಾನಕ್ಕೆ ಬಂದವು: ಟಪಾಲಿನ ಮಟ್ಟಿಗೆ ನಾವೆಲ್ಲ ಒಂದೇ ನಾಡು. ನಿಮ್ಮಲ್ಲಿ ಹುಟ್ಟಿದ ಕಾಗದದ ದುಡ್ಡು ನಿಮಗೆ, ನಮ್ಮಲ್ಲಿ ಹುಟ್ಟಿದ್ದರ ದುಡ್ಡು ನಮಗೆ. ನಿಮ್ಮದನ್ನ ನಾವು ಹಂಚ್ತೀವಿ, ನಮ್ಮದನ್ನ ನೀವು ಹಂಚಿ. ಕಾಗದ ಬರೆದೋರಿಗೆ ಉತ್ತರ ಬಂದೇ ಬರುತ್ತೆ, ಹಾಗಾಗಿ ಲೆಕ್ಕ ಸರಿಹೋಗುತ್ತೆ ಅನ್ನೋ ನಂಬಿಕೆ ಇದರ ಬುನಾದಿ.

ಉತ್ತರ ಬರುತ್ತೆ ಅನ್ನೋ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ! ಈ ಮಾತನ್ನ ಸ್ವಲ್ಪ ನೆನಪಲ್ಲಿಟ್ಕೊಳ್ರಿ.

ಇದೇ ಮುಂದೆ ವಿಶ್ವ ಅಂಚೆ ಒಕ್ಕೂಟ ಆಯ್ತು. ಭಾರತ ಸೇರಿದ್ದು 1876ರ ಜುಲೈ 1ಕ್ಕೆ. ಇವತ್ತು 192 ಸದಸ್ಯ ದೇಶಗಳಿವೆ. ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್. ವಿಮಾನದ ಟಪಾಲಿನ ನೀಲಿ ಚೀಟಿ ಮೇಲೆ 'ಪಾರ್ ಆವಿಯೋಂ' ಅಂತ ಇರುತ್ತಲ್ಲ, ಅದು ಇದೇ ಕಾರಣಕ್ಕೆ. ಮೊದಲಿಗೆ ಯುರೋಪಿನ ಟಪಾಲು ಹಡಗಿನಲ್ಲಿ ಮುಂಬೈಗೆ ಬಂದು ಇಳೀತಿತ್ತು, ಆಮೇಲೆ ವಿಮಾನದಲ್ಲಿ. ಅಲ್ಲಿಂದ ನಮ್ಮ ಕಡೆಗೆ ರೈಲು. ಓಡೋ ರೈಲಿನ ಡಬ್ಬಿಯಲ್ಲೇ ರಾತ್ರಿಯೆಲ್ಲ ಕಾಗದ ವಿಂಗಡಿಸೋ ರೈಲ್ವೆ ಮೇಲ್ ಸರ್ವಿಸ್‌ಗೆ ಹುಬ್ಬಳ್ಳಿ ದೊಡ್ಡ ಠಾಣೆ. ಅದರ ವಿಭಾಗದ ಗುರುತು 'ಎಚ್‌ಬಿ'. ಇವತ್ತು ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮುಂದೆ ಎಲ್ಲರೂ ಸೆಲ್ಫಿ ತಗೋತೀವಿ. ಅದೇ ಸ್ಟೇಷನ್ನಿನಲ್ಲಿ ಒಂದು ಕಾಲಕ್ಕೆ ಟಪಾಲು ಚೀಲಗಳು ಇಳಿಯೋದನ್ನ ಜನ ಕಾಯ್ತಿದ್ರು.

ಬಾಸೆಲ್‌ನಿಂದ ಧಾರವಾಡಕ್ಕೆ

ನಮ್ಮೂರಿಗೂ ಪರದೇಶದ ಟಪಾಲಿಗೂ ನಂಟು ಸ್ಟ್ಯಾಂಪ್ ಹುಟ್ಟೋಕೂ ಮುಂಚಿನದು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ತೆಗೀತು. ಇಲ್ಲಿಂದ ಬಾಸೆಲ್‌ಗೆ ವರದಿ, ಪತ್ರ, ಮುಂದೆ ಫೋಟೋ ಎಲ್ಲಾ ಹೋಗ್ತಿತ್ತು. ಆ ಸಂಗ್ರಹ ಇವತ್ತಿಗೂ ಬಾಸೆಲ್‌ನಲ್ಲಿದೆ, ಕರ್ನಾಟಕದ ಇತಿಹಾಸ ಬರೆಯೋರು ಅದನ್ನ ಹುಡುಕ್ಕೊಂಡು ಹೋಗ್ತಾರೆ. ನಮ್ಮ ಹಳೇ ಬೀದಿಗಳು ಹೇಗಿದ್ವು ಅನ್ನೋದನ್ನ ತಿಳಿಯೋಕೆ ಸ್ವಿಟ್ಜರ್‌ಲೆಂಡಿನ ಕಪಾಟು ತೆಗೀಬೇಕು ನೋಡ್ರಿ. ಯಾಕಂದ್ರೆ ಅಲ್ಲಿ ಯಾರೋ ಬಂದ ಕಾಗದವನ್ನ ಒಗೀಲಿಲ್ಲ.

ಸ್ಟ್ಯಾಂಪ್ ಪ್ರಿಯರಿಗೆ ಬಾಸೆಲ್ ಇನ್ನೊಂದು ಕಾರಣಕ್ಕೆ ದೊಡ್ಡ ಹೆಸರು. 1845ರಲ್ಲಿ ಆ ಊರು ಹೊರತಂದ 'ಬಾಸೆಲ್ ಡವ್', ಅಂದ್ರೆ ಕೊಕ್ಕಿನಲ್ಲಿ ಕಾಗದ ಹಿಡಿದ ಬಿಳಿ ಪಾರಿವಾಳದ ಸ್ಟ್ಯಾಂಪ್, ಜಗತ್ತಿನ ಮೊದಲ ಮೂರು ಬಣ್ಣದ ಸ್ಟ್ಯಾಂಪ್.

ಪರದೇಶದ ಸ್ಟ್ಯಾಂಪ್ ಬರ್ತಿದ್ದ ದಾರಿಗಳು

ನಾನು ಹುಡುಗಿಯಾಗಿದ್ದಾಗ ಸ್ಟ್ಯಾಂಪ್ ಕೂಡಿಸೋರಿಗೆ ಮೂರು-ನಾಲ್ಕು ದಾರಿ ಇದ್ವು. ಒಂದು, ಅಂಗಡಿ. ಸುಭಾಸ ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಪಾರದರ್ಶಕ ಪಾಕೀಟಿನಲ್ಲಿ ಬಣ್ಣಬಣ್ಣದ ಸ್ಟ್ಯಾಂಪ್ ತೂಗು ಹಾಕಿರ್ತಿದ್ರು. 'ಮಗ್ಯಾರ್ ಪೋಸ್ಟಾ' ಅಂತ ಬರೆದದ್ದು ಯಾವ ದೇಶದ್ದು ಅಂತ ಜಗಳ ಆಡ್ತಿದ್ವಿ. ಅದು ಹಂಗೇರಿ. 'ಹೆಲ್ವೇಷಿಯಾ' ಅಂದ್ರೆ ಸ್ವಿಟ್ಜರ್‌ಲೆಂಡ್. 'ಸುವೋಮಿ' ಅಂದ್ರೆ ಫಿನ್‌ಲೆಂಡ್. ಸೋವಿಯತ್ ಸ್ಟ್ಯಾಂಪನ್ನ ನಾವೆಲ್ಲ 'ಸಿಸಿಸಿಪಿ' ಅಂತಲೇ ಓದ್ತಿದ್ವಿ. ಅದು ರಷ್ಯನ್ ಲಿಪಿ, ಓದಬೇಕಾದ್ದು 'ಎಸ್‌ಎಸ್‌ಎಸ್‌ಆರ್' ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಭೂಗೋಳದ ಮಾಸ್ತರು ಕಲಿಸಿದ್ದಕ್ಕಿಂತ ಆ ಪಾಕೀಟು ಕಲಿಸಿದ್ದೇ ಜಾಸ್ತಿ.

ಆದ್ರೆ ಆ ಪಾಕೀಟಿನ ಒಂದು ಗುಟ್ಟು ಇತ್ತು. ಅಜ್ಮಾನ್, ರಾಸ್ ಅಲ್ ಖೈಮಾ ಅನ್ನೋ ಹೆಸರಿನ ದೊಡ್ಡ ದೊಡ್ಡ ಸ್ಟ್ಯಾಂಪ್ ನಿಮ್ಮ ಅಪ್ಪ-ಅಮ್ಮನ ಆಲ್ಬಮ್‌ನಲ್ಲೂ ಇರಬಹುದು. ಇವು ಇವತ್ತಿನ ಯುಎಇಯ ಭಾಗಗಳು. 1971ರ ಕೊನೆಗೆ ಯುಎಇ ಹುಟ್ಟೋ ಮುಂಚೆ ಈ ಪುಟ್ಟ ರಾಜ್ಯಗಳು ಏಜೆಂಟರ ಜತೆ ಒಪ್ಪಂದ ಮಾಡ್ಕೊಂಡು, ಜಗತ್ತಿನ ಸಂಗ್ರಹಕಾರರಿಗೆ ಮಾರೋಕೆ ಅಂತಲೇ ರಾಶಿ ರಾಶಿ ಸ್ಟ್ಯಾಂಪ್ ಅಚ್ಚು ಹಾಕಿಸಿದ್ವು. ಪೂರ್ವ ಯುರೋಪಿನ ಎಷ್ಟೋ ಸ್ಟ್ಯಾಂಪ್‌ಗಳದ್ದೂ ಇದೇ ಕಥೆ. ಒಂದು ಮೂಲೆಗೆ ಮಾತ್ರ ನೀಟಾಗಿ ಠಸ್ಸೆ ಬಿದ್ದಿರುತ್ತೆ. ತಿರುಗಿಸಿ ನೋಡಿದ್ರೆ ಹಿಂದಿನ ಗೋಂದು ಹಾಗೇ ಇರುತ್ತೆ. ಅಂದ್ರೆ ಅದು ಯಾವ ಕವರಿನ ಮೇಲೂ ಕೂತದ್ದಲ್ಲ, ಯಾರ ಮನೆಗೂ ಹೋದದ್ದಲ್ಲ. ಅಚ್ಚಿನ ಮನೆಯಿಂದ ಸೀದಾ ಪಾಕೀಟಿಗೆ.

ಇನ್ನೊಂದು ದಾರಿ ರೇಡಿಯೋ. ಆಕಾಶವಾಣಿ ಧಾರವಾಡ ಶುರುವಾದದ್ದು 1950ರ ಜನವರಿ 8ಕ್ಕೆ. ಅದಕ್ಕೆ ಹಾಡಿನ ಕೋರಿಕೆಯ ಕಾರ್ಡ್ ಹಾಕ್ತಿದ್ದವರಲ್ಲೇ ಕೆಲವರು ರಾತ್ರಿ ಶಾರ್ಟ್‌ವೇವ್ ತಿರುವಿ ದೂರದೂರದ ಕೇಂದ್ರ ಹಿಡೀತಿದ್ರು. ಯಾವ ದಿನ, ಯಾವ ಹೊತ್ತು, ಯಾವ ತರಂಗಾಂತರ, ದನಿ ಎಷ್ಟು ಸ್ಪಷ್ಟ ಅಂತ ಬರೆದು ಕಳಿಸಿದ್ರೆ ಆ ಕೇಂದ್ರ 'ಕ್ಯೂಎಸ್‌ಎಲ್' ಅನ್ನೋ ಕಾರ್ಡ್ ಕಳಿಸ್ತಿತ್ತು: ಹೌದು, ನೀವು ಕೇಳಿದ್ದು ನಮ್ಮನ್ನೇ ಅಂತ. ಪರದೇಶದಲ್ಲಿ ಒಬ್ಬ ನೆಂಟನೂ ಇಲ್ಲದವರ ಮನೆಗೂ ಪರದೇಶದ ಟಪಾಲು ಬರೋಕೆ ಅದೊಂದು ದಾರಿ.

ಮೂರನೇದು ಪೆನ್ ಫ್ರೆಂಡ್. ಪತ್ರಿಕೆಗಳಲ್ಲಿ ಅದಕ್ಕೇ ಅಂಕಣ ಇರ್ತಿತ್ತು: ಹೆಸರು, ವಯಸ್ಸು, ಹವ್ಯಾಸ, ವಿಳಾಸ. ಫಿನ್‌ಲೆಂಡಿನ ತುರ್ಕು ಊರಲ್ಲಿ ಇಂಟರ್‌ನ್ಯಾಷನಲ್ ಯೂತ್ ಸರ್ವಿಸ್ ಅನ್ನೋ ಸಂಸ್ಥೆ 1952ರಿಂದ 2008ರ ತನಕ ಬರೀ ಇದೇ ಕೆಲಸ ಮಾಡ್ತು, ಜಗತ್ತಿನ ಹುಡುಗ-ಹುಡುಗಿಯರಿಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಡೋದು. ಆಮೇಲೆ ಇಂಟರ್ನೆಟ್ ಬಂತು, ಸಂಸ್ಥೆ ಮುಚ್ಚಿತು.

ಧಾರವಾಡದ ಹುಡುಗ ಕಳಿಸಿದ ಚಿತ್ರ

ನಮ್ಮೂರಿಗೆ ಬಂದ ಪರದೇಶದ ಕಾಗದಗಳಲ್ಲಿ ನನಗೆ ಬಹಳ ಇಷ್ಟವಾದ ಕಥೆ ಒಂದಿದೆ. ಧಾರವಾಡದಲ್ಲಿ ಓದ್ತಿದ್ದ ಹದಿನೇಳರ ಹುಡುಗನೊಬ್ಬನಿಗೆ ಚಿತ್ರ ಬಿಡಿಸೋ ಹವ್ಯಾಸ. ದೊಡ್ಡ ದೊಡ್ಡವರ ಮುಖ ಬರೆದು ಅವರಿಗೇ ಕಳಿಸೋದು, ಸಹಿ ಹಾಕಿ ಕಳಿಸಿ ಅಂತ ಕೇಳೋದು. ಹಾಗೆ ಒಂದು ಚಿತ್ರ ಐರಿಶ್ ನಾಟಕಕಾರ ಷಾನ್ ಓ'ಕೇಸಿಗೂ ಹೋಯ್ತು. ಆ ಕಡೆಯಿಂದ ಸಹಿಯ ಜತೆಗೆ ಒಂದು ಬುದ್ಧಿಮಾತೂ ಬಂತು: ಬೇರೆಯವರ ಸಹಿ ಕೂಡಿಸ್ತಾ ಕಾಲ ಕಳೀಬೇಡ, ಒಂದು ದಿನ ಜನ ನಿನ್ನ ಸಹಿ ಕೇಳೋ ಹಾಗೆ ಏನಾದ್ರೂ ಮಾಡು ಅನ್ನೋ ಅರ್ಥದ್ದು. ಹುಡುಗ ಸಹಿ ಕೂಡಿಸೋದನ್ನ ಬಿಟ್ಟ.

ಆ ಹುಡುಗ ಗಿರೀಶ ಕಾರ್ನಾಡ. ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ ಮುಗಿಸಿ, 'ಯಯಾತಿ' ಬರೆದು, ಆಕ್ಸ್‌ಫರ್ಡಿಗೆ ಹೋಗಿ, 1961ರಲ್ಲಿ ಅದು ಧಾರವಾಡದ ಮನೋಹರ ಗ್ರಂಥಮಾಲೆಯಿಂದಲೇ ಪ್ರಕಟವಾಗಿ, ಮುಂದೆ 1998ರ ಜ್ಞಾನಪೀಠದ ತನಕ ಹೋದ ಕಥೆ ನಿಮಗೆ ಗೊತ್ತು. ಈ ಕಾಗದದ ಪ್ರಸಂಗವನ್ನ ಕಾರ್ನಾಡರು ಸ್ವತಃ ಸಂದರ್ಶನಗಳಲ್ಲಿ ಹೇಳ್ಕೊಂಡಿದ್ದಾರೆ.

ಇದನ್ನ ಹೇಳಿ ಜನ ಸಾಮಾನ್ಯವಾಗಿ ಒಂದು ನೀತಿ ತೆಗೀತಾರೆ: ನೋಡಿ, ಕೂಡಿಸೋ ಹವ್ಯಾಸ ದಂಡ ಅಂತ. ನನಗೆ ಹಾಗನಿಸೋದಿಲ್ಲ. ಆ ಹುಡುಗನಿಗೆ ಕೂಡಿಸೋ ಹುಚ್ಚು ಇಲ್ಲದೇ ಹೋಗಿದ್ರೆ ಆ ಚಿತ್ರ ಹೋಗ್ತಾ ಇರಲಿಲ್ಲ, ಆ ಉತ್ತರವೂ ಬರ್ತಾ ಇರಲಿಲ್ಲ. ಕೂಡಿಸೋದು ಒಂದು ನೆಪ. ಆ ನೆಪ ಇಟ್ಕೊಂಡು ನಾವು ಗುರುತೇ ಇಲ್ಲದವರ ಬಾಗಿಲು ತಟ್ತೀವಿ. ನೆಪವನ್ನೇ ಕೊನೆ ಅಂದ್ಕೊಂಡ್ರೆ ಮಾತ್ರ ನನ್ನ ಹಾಗೆ ಆಗುತ್ತೆ, ಕೈಯಲ್ಲಿ ಕತ್ತರಿ ಬರುತ್ತೆ.

ಬ್ರನೊ ಊರಿನ ಗೆಳೆಯ

ಈಗ ಆ ಕವರಿಗೆ ಬರೋಣ.

1979ರಲ್ಲಿ ಅಪ್ಪ ಕಾಲೇಜಿನಲ್ಲಿದ್ದ. ಪೆನ್ ಫ್ರೆಂಡ್ ಅಂಕಣದಲ್ಲಿ ಚೆಕೊಸ್ಲೊವಾಕಿಯಾದ ಬ್ರನೊ ಊರಿನ ಒಬ್ಬ ಹುಡುಗನ ವಿಳಾಸ ನೋಡಿ ಕಾರ್ಡ್ ಹಾಕಿದ. ಆರೇಳು ವಾರಕ್ಕೆ ಉತ್ತರ ಬಂತು. ಅಲ್ಲಿಂದ ಹದಿನಾಲ್ಕು ವರ್ಷ, ವರ್ಷಕ್ಕೆ ಮೂರೋ ನಾಲ್ಕೋ ಕಾಗದ. ಇಬ್ಬರಿಗೂ ಇಂಗ್ಲಿಷು ಪರಭಾಷೆ, ಇಬ್ಬರೂ ತಪ್ಪು ತಪ್ಪಾಗೇ ಬರೀತಿದ್ರು. ಅಪ್ಪ ಹಂಪಿಯ, ಗೋಳಗುಮ್ಮಟದ ಚಿತ್ರದ ಕಾರ್ಡ್ ಕಳಿಸ್ತಿದ್ದ, ಅಲ್ಲಿಂದ ಹಿಮ ಬಿದ್ದ ಚರ್ಚಿನ ಕಾರ್ಡ್ ಬರ್ತಿತ್ತು. ಅಪ್ಪನ ಮದುವೆ, ಅವರ ಮದುವೆ, ನಾನು ಹುಟ್ಟಿದ್ದು, ಅವರಿಗೆ ಅವಳಿ ಮಕ್ಕಳಾದದ್ದು, ಎಲ್ಲಾ ಟಪಾಲಿನಲ್ಲೇ ಹೋಗಿ ಬಂತು. ಒಬ್ಬರ ದನಿ ಒಬ್ಬರು ಎಂದೂ ಕೇಳಲಿಲ್ಲ.

1989ರ ಕೊನೆಗೆ ಅಲ್ಲಿಯ ಕಮ್ಯುನಿಸ್ಟ್ ಸರ್ಕಾರ ಬಿತ್ತು. ಜೈಲಿಗೆ ಹೋಗಿ ಬಂದ ನಾಟಕಕಾರ ವಾಕ್ಲಾವ್ ಹಾವೆಲ್ ರಾಷ್ಟ್ರಾಧ್ಯಕ್ಷರಾದರು. 1993ರ ಜನವರಿ 1ಕ್ಕೆ ದೇಶವೇ ಎರಡಾಯ್ತು: ಚೆಕ್ ಗಣರಾಜ್ಯ, ಸ್ಲೊವಾಕಿಯಾ. ಅಪ್ಪನ ಗೆಳೆಯ ಇದ್ದ ದೇಶದ ಹೆಸರೇ ನಕಾಶೆಯಿಂದ ಹೋಯ್ತು. ಆಮೇಲೆ ಬಂದ ಮೊದಲ ಕಾಗದವೇ ನಾನು ಕತ್ತರಿಸಿದ್ದು. ಸ್ಟ್ಯಾಂಪಿನ ಮೇಲೆ ಹಾವೆಲ್ ಮುಖ, ಹೊಸ ದೇಶದ ಹೆಸರು. ನಾನು ಯಾಕೆ ಆಸೆಪಟ್ಟೆ ಅಂತ ಈಗ ನಿಮಗೆ ಅರ್ಥ ಆಗಿರಬೇಕು.

ಕಾಗದದ ಒಳಗೆ ಏನಿತ್ತು ಅಂದ್ರೆ: ಕೆಲಸ ಬದಲಾಗಿದೆ, ಮನೆ ಬದಲಾಯಿಸ್ತಿದೀವಿ, ಇನ್ನು ಮುಂದೆ ಕವರಿನ ಹಿಂದೆ ಬರೆದ ವಿಳಾಸಕ್ಕೆ ಬರಿ.

ಯುರೋಪಿನ ಎಷ್ಟೋ ಕಡೆ ಕಳಿಸಿದವರ ವಿಳಾಸವನ್ನ ಕವರಿನ ಹಿಂದೆ, ಮಡಿಕೆಯ ಮೇಲೆ ಬರೀತಾರೆ. ಆ ಮಡಿಕೆ ನಮ್ಮ ಬಚ್ಚಲ ಒಲಿಯಲ್ಲಿ ನೀರು ಕಾಯಿಸಿ ಬೂದಿ ಆಗಿತ್ತು.

ಅಪ್ಪ ಹಳೇ ವಿಳಾಸಕ್ಕೇ ಮೂರು ಸಲ ಬರೆದ. ಎರಡಕ್ಕೆ ಏನೂ ಬರಲಿಲ್ಲ. ಮೂರನೇದು ನಾಲ್ಕೈದು ತಿಂಗಳ ಮೇಲೆ ವಾಪಸ್ ಬಂತು. ಮೇಲೆ ಒಂದು ಚೀಟಿ, ಅದರಲ್ಲಿ ಫ್ರೆಂಚ್ ಪದಗಳು: 'ರಿಟೂರ್', 'ಪಾರ್ತಿ'. ಅಪ್ಪ ನಿಘಂಟು ಹುಡುಕಿ ಅರ್ಥ ತೆಗೆದ. ವಾಪಸ್. ಬಿಟ್ಟು ಹೋಗಿದ್ದಾರೆ.

ಆ ಕಡೆಯವರು ಏನಂದ್ಕೊಂಡಿರಬಹುದು ಅನ್ನೋದೇ ನನ್ನನ್ನ ಕಾಡೋದು. ಹೊಸ ವಿಳಾಸ ಕೊಟ್ಟ ಮೇಲೆ ಧಾರವಾಡದಿಂದ ಒಂದೂ ಕಾಗದ ಬರಲಿಲ್ಲ. ಇವ ಸಾಕಾಗಿ ಬಿಟ್ಟ ಅಂದ್ಕೊಂಡ್ರಾ? ಅವರೂ ಮತ್ತೆ ಬರೆದಿದ್ರೋ ಏನೋ. ಅದೇ ವರ್ಷ ನಾವೂ ಬಾಡಿಗೆ ಮನೆ ಬದಲಾಯಿಸಿದ್ವಿ. ಅವರ ಹೆಸರನ್ನ ಇಲ್ಲಿ ಹೇಳ್ತಿಲ್ಲ, ಯಾಕಂದ್ರೆ ಹೇಳಲಾ ಅಂತ ಕೇಳೋಕೆ ನನ್ನ ಹತ್ರ ವಿಳಾಸ ಇಲ್ಲ.

ಆ ತಿಂಗಳೇ ಅಪ್ಪ ನನಗೆ ಒಂದು ಆಲ್ಬಮ್ ತಂದುಕೊಟ್ಟ. ಜತೆಗೆ ಒಂದು ಚಿಮಟಾ. ಸ್ಟ್ಯಾಂಪನ್ನ ಕೈಯಿಂದ ಮುಟ್ಟಬಾರದು, ಪರಾತದಲ್ಲಿ ನೀರು ಹಾಕಿ ಅರ್ಧ ತಾಸು ನೆನೆಹಾಕಬೇಕು, ತಾನೇ ಬಿಟ್ಕೊಳ್ಳೋ ತನಕ ಎಳೀಬಾರದು, ಪೇಪರಿನ ಮೇಲೆ ಮಗುಚಿ ಒಣಗಿಸಬೇಕು ಅಂತ ಎಲ್ಲಾ ಕಲಿಸಿದ. ಕೊನೆಗೆ ಒಂದು ಮಾತು ಹೇಳಿದ: "ಕತ್ತರಿ ಹಿಡಿಯೂ ಮೊದ್ಲ ಕವರ್ ಪೂರಾ ಓದಬೇಕು ಅವ್ವಾ. ಹಿಂದ, ಮುಂದ, ಎರಡೂ ಕಡೆ."

ಇಡೀ ಕವರ್ ಯಾಕೆ ಬೇಕು

ಅಪ್ಪನ ಆ ಮಾತು ಬರೀ ಮನೆ ಮಾತಲ್ಲ ಅಂತ ಆಮೇಲೆ ತಿಳೀತು. ಅಂಚೆ ಇತಿಹಾಸ ಅನ್ನೋದೇ ಒಂದು ಅಧ್ಯಯನ. ಅವರಿಗೆ ಬಿಡಿ ಸ್ಟ್ಯಾಂಪಿಗಿಂತ ಇಡೀ ಕವರ್ ದೊಡ್ಡದ್ದು. ಕಳಿಸಿದ ಊರಿನ ಠಸ್ಸೆ, ದಾರಿಯಲ್ಲಿ ವಿಂಗಡಿಸಿದ ಕಡೆಯ ಠಸ್ಸೆ, ಮುಟ್ಟಿದ ಊರಿನ ಠಸ್ಸೆ, ಮೂರರ ತಾರೀಖು ನೋಡಿದ್ರೆ ಆ ಕಾಲಕ್ಕೆ ಕಾಗದ ಎಷ್ಟು ದಿನ ಹಿಡೀತಿತ್ತು, ಯಾವ ದಾರಿಯಲ್ಲಿ ಬರ್ತಿತ್ತು, ದರ ಎಷ್ಟು ಅನ್ನೋದೆಲ್ಲ ಗೊತ್ತಾಗುತ್ತೆ. ಸ್ಟ್ಯಾಂಪ್ ಕತ್ತರಿಸಿದ್ರೆ ಈ ಸಾಕ್ಷಿ ಎಲ್ಲಾ ಹೋಯ್ತು.

ಒಂದು ಉದಾಹರಣೆ. ಸ್ವತಂತ್ರ ಭಾರತದ ಮೊದಲ ಸ್ಟ್ಯಾಂಪ್ 1947ರ ನವೆಂಬರ್ 21ಕ್ಕೆ ಬಂತು: ತ್ರಿವರ್ಣ ಧ್ವಜ, 'ಜೈ ಹಿಂದ್', ಬೆಲೆ ಮೂರೂವರೆ ಆಣೆ. ಯಾಕೆ ಮೂರೂವರೆ? ಅದು ಪರದೇಶದ ಕಾಗದದ ದರ. ಹೊಸ ದೇಶ ತನ್ನ ಬಾವುಟವನ್ನ ಮೊದಲು ಹಚ್ಚಿದ್ದು ಹೊರದೇಶಕ್ಕೆ ಹೋಗೋ ಕವರಿನ ಮೇಲೆ. ಬಿಡಿ ಸ್ಟ್ಯಾಂಪ್ ನೋಡಿದ್ರೆ ಒಂದು ಬಾವುಟ ಕಾಣುತ್ತೆ. ಪರದೇಶದ ವಿಳಾಸ ಇರೋ ಕವರಿನ ಮೇಲೆ ನೋಡಿದ್ರೆ ಆ ಬಾವುಟ ಎಲ್ಲಿಗೆ ಹೊರಟಿತ್ತು ಅಂತ ಕಾಣುತ್ತೆ. ಅಂದ ಹಾಗೆ, ಇವತ್ತು ಅದೇ ಖಾದಿ ಧ್ವಜ ತಯಾರಾಗೋದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ.

ಇನ್ನೊಂದು ಖುಷಿ ವಿಷಯ. 2014ರ ಸೆಪ್ಟೆಂಬರ್ 3ರಂದು ಅಂಚೆ ಇಲಾಖೆ ಎಂಟು ಸಂಗೀತಗಾರರ ಸ್ಟ್ಯಾಂಪ್ ತಂತು. ಎಂಟರಲ್ಲಿ ನಾಲ್ಕು ಮಂದಿ ನಮ್ಮ ಕಡೆಯವರು: ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್, ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಮನಸೂರ, ಗದಗ ಕಡೆಯ ಭೀಮಸೇನ ಜೋಶಿ, ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ. ನಾವು ಹಂಗೇರಿಯ ಸ್ಟ್ಯಾಂಪಿಗೆ ಬಾಯಿ ಬಿಡ್ತಿದ್ವಿ. ಈಗ ಹಂಗೇರಿಯ ಯಾವುದೋ ಹುಡುಗಿ ಗಂಗೂಬಾಯಿ ಮುಖ ನೋಡಿ, ಈ ಅಜ್ಜಿ ಯಾರು ಅಂತ ಹುಡುಕಬಹುದು.

ಈಗ ಏನು?

ಕಾಲ ಬದಲಾಗಿದೆ ಅನ್ನೋದನ್ನ ನಾನು ಮುಚ್ಚಿಡೋದಿಲ್ಲ. ನಮ್ಮಲ್ಲಿ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಹೋಯ್ತು. ಡೆನ್ಮಾರ್ಕಿನ ಸರ್ಕಾರಿ ಅಂಚೆ ಸಂಸ್ಥೆ 2025ರ ಕೊನೆಗೆ ಮನೆಮನೆಗೆ ಕಾಗದ ಹಂಚೋ ಕೆಲಸವನ್ನೇ ನಿಲ್ಲಿಸಿತು.

ಆದ್ರೆ 2005ರ ಜುಲೈನಲ್ಲಿ ಪೋರ್ಚುಗಲ್ಲಿನ ಪಾವ್ಲೊ ಮಗಾಲ್ಯಾಯಿಸ್ ಅನ್ನೋ ವಿದ್ಯಾರ್ಥಿ 'ಪೋಸ್ಟ್‌ಕ್ರಾಸಿಂಗ್' ಅಂತ ಒಂದು ತಾಣ ಶುರು ಮಾಡಿದ. ಲೆಕ್ಕ ಸುಲಭ. ನಿಮಗೆ ಜಗತ್ತಿನ ಯಾವುದೋ ಮೂಲೆಯ ಒಬ್ಬರ ವಿಳಾಸ, ಒಂದು ಗುರುತು ಸಂಖ್ಯೆ ಸಿಗುತ್ತೆ. ನೀವು ಕಾರ್ಡ್ ಕಳಿಸ್ತೀರಿ. ಅದು ಮುಟ್ಟಿತು ಅಂತ ಅವರು ದಾಖಲಿಸಿದ ಮೇಲೆ, ನಿಮ್ಮ ವಿಳಾಸ ಮತ್ಯಾರಿಗೋ ಹೋಗುತ್ತೆ. ಕೊಟ್ಟವರಿಗೆ ಬರುತ್ತೆ, ಆದ್ರೆ ಯಾರಿಂದ ಅಂತ ಗೊತ್ತಿಲ್ಲ. ಹೀಗೆ ಏಳು ಕೋಟಿಗೂ ಹೆಚ್ಚು ಕಾರ್ಡ್ ಮುಟ್ಟಿವೆ. 1874ರ ಬರ್ನ್ ಒಪ್ಪಂದದ ಅದೇ ನಂಬಿಕೆ, ಉತ್ತರ ಬರುತ್ತೆ ಅನ್ನೋದು, ಫೋನಿನೊಳಗೆ ಮತ್ತೆ ಹುಟ್ಟಿತು ನೋಡ್ರಿ.

ನಾನೂ ಸೇರಿದೆ. ಹೋದ ವರ್ಷ ನನಗೊಂದು ಕಾರ್ಡ್ ಬಂತು, ಚೆಕ್ ಗಣರಾಜ್ಯದಿಂದ. ಬ್ರನೊದಿಂದ ಅಲ್ಲ, ಬೇರೆ ಯಾವುದೋ ಊರಿನ ಒಬ್ಬ ನರ್ಸ್ ಕಳಿಸಿದ್ದು. ಅಪ್ಪನ ಕೈಗೆ ಕೊಟ್ಟೆ. ಈಗ ಅವನಿಗೆ ಕಣ್ಣು ಸ್ವಲ್ಪ ಮಂಜು. ಅವನು ಸ್ಟ್ಯಾಂಪ್ ನೋಡಲಿಲ್ಲ, ಚಿತ್ರವನ್ನೂ ನೋಡಲಿಲ್ಲ. ಮೊದಲು ತಿರುವಿ ಹಿಂದೆ ಮುಂದೆ ಹುಡುಕಿದ.

"ಇದರಾಗ ಕಳಿಸಿದವರ ವಿಳಾಸನ ಇಲ್ಲಲಾ?"

"ಈಗ ಬರೆಯೋದಿಲ್ಲಪ್ಪಾ. ಥ್ಯಾಂಕ್ಸ್ ಅಂತ ಫೋನಿನಾಗ ಮೆಸೇಜ್ ಕಳಿಸಿದ್ರ ಆತು."

"ಹಂಗಂದ್ರ ಹೆಂಗ? ಕಾರ್ಡಿಗೆ ಕಾರ್ಡ ಬರೀಬೇಕು."

ಅದೇ ತಾಣದಲ್ಲಿ ಅವರಿಗೆ ಮೆಸೇಜ್ ಮಾಡಿ, ನಮ್ಮ ತಂದೆ ನಿಮಗೊಂದು ಕಾರ್ಡ್ ಬರೀಬೇಕು ಅಂತಾರೆ, ವಿಳಾಸ ಕೊಡಬಹುದಾ ಅಂತ ಕೇಳಿದೆ. ಕೊಟ್ಟರು. ಅಪ್ಪ ನಡುಗೋ ಕೈಯಲ್ಲಿ ಎಂಟು ಸಾಲು ಬರೆದ. 2014ರಲ್ಲಿ ತಂದಿಟ್ಟಿದ್ದ ಗಂಗೂಬಾಯಿ ಸ್ಟ್ಯಾಂಪ್ ಹಚ್ಚಿದ್ವಿ, ಉಳಿದ ದರಕ್ಕೆ ಬೇರೆ ಸ್ಟ್ಯಾಂಪ್. ನಮ್ಮ ವಿಳಾಸವನ್ನ ಅಪ್ಪ ಎರಡು ಕಡೆ ಬರೆದ, ಒಂದು ಹೋದ್ರೂ ಇನ್ನೊಂದು ಇರಲಿ ಅಂತ.

ಕೇಳ್ತಿರೋ ನಿಮ್ಮಲ್ಲಿ ಒಂದು ವಿನಂತಿ. ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಹಳೇ ಕಾಗದ ಇದ್ರೆ ರದ್ದಿಗೆ ಹಾಕೋ ಮುಂಚೆ ಒಮ್ಮೆ ತೆಗೆದು ನೋಡಿ. ಸ್ಟ್ಯಾಂಪ್ ಕತ್ತರಿಸಬೇಡಿ. ಎರಡೂ ಬದಿಯ ಫೋಟೋ ತಗೊಳ್ಳಿ. ಯಾರು ಯಾರಿಗೆ ಬರೆದದ್ದು ಅಂತ ಮನೆಯ ಹಿರಿಯರನ್ನ ಕೇಳಿ, ಅವರು ಇರೋವಾಗಲೇ ಕೇಳಿ. ಊರೊಳಗಿನ ಗೆಳೆಯರಿಗೆ ಬರೆಯೋಕೆ ಕಾರ್ಡ್ ಬೆಲೆ ಇನ್ನೂ 50 ಪೈಸೆ. ನಿಮ್ಮ ವಿಳಾಸ ಬರೆಯೋದನ್ನ ಮರೀಬೇಡಿ.

ಅಪ್ಪ ಬರೆದ ಕಾರ್ಡಿಗೆ ಉತ್ತರ ಇನ್ನೂ ಬಂದಿಲ್ಲ. ಮಧ್ಯಾಹ್ನ ಗೇಟಿನ ಸಪ್ಪಳ ಆದ್ರೆ ಅವನು ಈಗ ತಾನೇ ಎದ್ದು ಹೋಗಿ ನೋಡ್ತಾನೆ. ಬಂದರೆ ಹೇಳ್ತೀನಿ.